ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಇನ್ನೋವಾ ಕೊಳ್ಳಬಹುದೇ?

ಪ್ರಶ್ನೆ: ನಮ್ಮದು ತಿಪಟೂರು. ಮನೆಯಲ್ಲಿ ವಯಸ್ಸಾದ ಅಪ್ಪ, ಅಮ್ಮ, ನಾವಿಬ್ಬರು ಮತ್ತು ಇಬ್ಬರು ಮಕ್ಕಳು. ಕೊಬ್ಬರಿ ವ್ಯಾಪಾರದ ಕೆಲಸಕ್ಕೆ ವಾರಕ್ಕೊಮ್ಮೆ ತುಮಕೂರಿಗೆ, ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುತ್ತೇನೆ. ಊರೊಳಗಿನದೂ ಸೇರಿ ತಿಂಗಳಿಗೆ 1,200 ಕಿಲೋಮೀಟರಿಗೆ ಮೇಲ್ಪಟ್ಟು ಓಡಾಟವಿದೆ. ಎರಡು ಗಾಡಿ ನೋಡಿದ್ದೇವೆ, ಎರಡೂ 2014ರ ಇನ್ನೋವಾ 2.5 ಡೀಸೆಲ್. ಒಂದು ನಮ್ಮೂರಿನದೇ ಕೆಎ-44 ಗಾಡಿ, ಎರಡನೆಯ ಮಾಲೀಕರದು, ಮೀಟರಿನಲ್ಲಿ 2,12,000 ಇದೆ, 6.75 ಲಕ್ಷ ಹೇಳುತ್ತಿದ್ದಾರೆ. 1.4 ಲಕ್ಷದವರೆಗೆ ಕಂಪನಿ ಸರ್ವಿಸ್, ಆಮೇಲೆ ಹೊರಗಿನ ಗ್ಯಾರೇಜು. ಇನ್ನೊಂದು ಬೆಂಗಳೂರಿನ ಡೀಲರ್ ಬಳಿ ಇರುವ ದೆಹಲಿ ನಂಬರಿನ ಗಾಡಿ, ಮೀಟರಿನಲ್ಲಿ 96,000 ಮಾತ್ರ, ಬೆಲೆ 6.10 ಲಕ್ಷ. ಕೆಎ ನಂಬರನ್ನು ತಾವೇ ಮಾಡಿಸಿಕೊಡುವುದಾಗಿ ಹೇಳುತ್ತಾರೆ. ಎರಡು ಲಕ್ಷ ದಾಟಿದ್ದು ಮುಗಿದ ಗಾಡಿ ಎಂಬುದು ಅಪ್ಪನ ಮಾತು. ಇನ್ನೋವಾ ಐದು ಲಕ್ಷ ಓಡುತ್ತದೆ ಎನ್ನುವುದು ಗೆಳೆಯನ ಮಾತು. ಡೀಸೆಲ್ ಗಾಡಿಗಳನ್ನು ಹತ್ತು ವರ್ಷಕ್ಕೆ ನಿಲ್ಲಿಸಿಬಿಡುತ್ತಾರೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆ. ಡೀಸೆಲ್ ಆದರೆ ಖರ್ಚು ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಯಾವುದನ್ನು ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಕಾಣುವ ಪ್ರಶ್ನೆ ಒಂದೇ ಆದರೂ ಅದರೊಳಗೆ ಮೂರು ಪ್ರಶ್ನೆಗಳಿವೆ. ಇಷ್ಟು ದೂರ ಓಡಿದ ಗಾಡಿಯಲ್ಲಿ ಇನ್ನೆಷ್ಟು ಜೀವ ಉಳಿದಿದೆ, ಕಾನೂನು ಅದನ್ನು ಇನ್ನೆಷ್ಟು ವರ್ಷ ರಸ್ತೆಯ ಮೇಲೆ ಬಿಡುತ್ತದೆ, ಡೀಸೆಲ್ ಗಾಡಿಯಿಂದ ನಿಮಗೆ ನಿಜವಾಗಿಯೂ ಹಣ ಉಳಿಯುತ್ತದೆಯೇ. ಮೂರನೆಯದನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ತೀರ್ಮಾನವಾಗಿ ಬರೆದಿದ್ದೀರಿ. ನನ್ನ ಅನುಮಾನ ಹೆಚ್ಚಾಗಿರುವುದು ಅಲ್ಲಿಯೇ. ಎರಡು ಗಾಡಿಗಳ ನಡುವೆ ಮಾತ್ರ ಆರಿಸುವುದಾದರೆ, 2,12,000 ತೋರಿಸುತ್ತಿರುವ ತಿಪಟೂರಿನ ಗಾಡಿಯನ್ನೇ ಪರೀಕ್ಷೆಗೆ ಒಯ್ಯಿರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಬೆಲೆಗೆ ಅಲ್ಲ, ಮತ್ತು ಬಾನೆಟ್ ತೆರೆಸದೆ ಅಲ್ಲ.

ಹತ್ತು ವರ್ಷದ ಭಯವನ್ನು ಮೊದಲು ನಿವಾರಿಸಿಕೊಳ್ಳೋಣ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅದರ ಜಾರಿಯಲ್ಲಿ ಹಲವು ಏರಿಳಿತಗಳಾಗಿವೆಯಾದರೂ ಅದೆಲ್ಲ ಆ ಪ್ರದೇಶಕ್ಕೆ ಸೇರಿದ ಮಾತು. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ, ಪೆಟ್ರೋಲಾಗಲಿ ಡೀಸೆಲ್ ಆಗಲಿ, ಹದಿನೈದು ವರ್ಷಕ್ಕೆ ಇರುತ್ತದೆ. 2014ರಲ್ಲಿ ನೋಂದಣಿಯಾದ ಗಾಡಿಯ ಆರ್‌ಸಿ 2029ರವರೆಗೆ ಊರ್ಜಿತ. ಅದಾದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಲು ಅವಕಾಶವಿದೆ. ಹದಿನೈದು ವರ್ಷವಾದೊಡನೆ ಗುಜರಿಗೆ ಹಾಕಬೇಕು ಎಂಬ ಮಾತೂ ಖಾಸಗಿ ವಾಹನಗಳಿಗೆ ಅನ್ವಯಿಸುವುದಿಲ್ಲ. 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿ ನೋಂದಣಿ ಕಳೆದುಕೊಳ್ಳುತ್ತಿರುವುದು ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳು. ಆದ್ದರಿಂದ ಕಾನೂನಿನ ಭಯದಿಂದ ಈ ಗಾಡಿಯನ್ನು ಬಿಡಬೇಕಾಗಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: 2029 ಹತ್ತಿರವಾದಂತೆ ಮರುಮಾರಾಟದ ಬೆಲೆ ಕುಸಿಯುತ್ತದೆ, ಮುಂದೆ ನಿಮ್ಮಿಂದ ಕೊಳ್ಳುವವರೂ ಇದೇ ಭಯವನ್ನು ಮುಂದಿಟ್ಟುಕೊಂಡೇ ಚೌಕಾಸಿ ಮಾಡುತ್ತಾರೆ.

ಇನ್ನು ಅಪ್ಪನವರ ಮಾತು ಮತ್ತು ಗೆಳೆಯರ ಮಾತು. ಎರಡರಲ್ಲೂ ಅರ್ಧ ಸತ್ಯವಿದೆ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಗಾಳಿಯನ್ನು ವಿಪರೀತ ಒತ್ತಡಕ್ಕೆ ಒಳಪಡಿಸಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆ ಒತ್ತಡವನ್ನು ತಡೆಯಬೇಕಾದ್ದರಿಂದ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಎಲ್ಲವನ್ನೂ ಗಟ್ಟಿಮುಟ್ಟಾಗಿಯೇ ಮಾಡಿರುತ್ತಾರೆ. ಜೊತೆಗೆ ಅದು ಕಡಿಮೆ ಸುತ್ತಿನಲ್ಲಿಯೇ ಕೆಲಸ ಮಾಡುವ ಎಂಜಿನ್. ಇನ್ನೋವಾದ 2,494 ಸಿಸಿ ಎಂಜಿನ್ ಈ ವಿಷಯದಲ್ಲಿ ಇನ್ನೂ ನಿರಾಳ, ಅಷ್ಟು ದೊಡ್ಡ ಎಂಜಿನ್‌ನಿಂದ ಕಂಪನಿಯು ಹಿಂಡಿ ತೆಗೆದಿರುವುದು ನೂರರ ಆಸುಪಾಸಿನ ಅಶ್ವಶಕ್ತಿಯನ್ನು ಮಾತ್ರ. ಹೊತ್ತು ಹೊತ್ತಿಗೆ ಆಯಿಲ್ ಬದಲಾಯಿಸಿದ ಇಂಥ ಎಂಜಿನ್‌ನ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಎರಡು ಲಕ್ಷಕ್ಕೆ ಸವೆದುಹೋಗುವುದಿಲ್ಲ. ಟ್ಯಾಕ್ಸಿಯಾಗಿ ಮೂರು, ನಾಲ್ಕು ಲಕ್ಷ ಓಡಿಯೂ ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚದ ಇನ್ನೋವಾಗಳು ನಮ್ಮ ಕೆಲಸದಲ್ಲಿ ಅಪರೂಪವಲ್ಲ.

ಆದರೆ ಎಂಜಿನ್ ಓಡುತ್ತದೆ ಎಂಬುದಕ್ಕೂ ಗಾಡಿ ಖರ್ಚಿಲ್ಲದೆ ಓಡುತ್ತದೆ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಐದು ಲಕ್ಷ ಓಡಿದ ಗಾಡಿಗಳನ್ನು ತೋರಿಸುವವರು ಆ ದಾರಿಯಲ್ಲಿ ಎಷ್ಟು ಕ್ಲಚ್ ಸೆಟ್, ಎಷ್ಟು ಇಂಜೆಕ್ಟರ್, ಎಷ್ಟು ರೇಡಿಯೇಟರ್, ಎಷ್ಟು ಲೋವರ್ ಆರ್ಮ್ ಬುಷ್ ಬದಲಾದವು ಎಂದು ಹೇಳುವುದಿಲ್ಲ. ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದ ನಡುವಿನ ಹಂತದಲ್ಲಿ ಎಂಜಿನ್‌ನ ಸುತ್ತ ಇರುವ ಭಾಗಗಳು ಒಂದೊಂದಾಗಿ ಸರದಿಗೆ ಬರುತ್ತವೆ. ಆ ಸರದಿಯ ಖರ್ಚನ್ನು ಈಗಿನ ಮಾಲೀಕರು ಮಾಡಿದ್ದಾರೆಯೇ ಅಥವಾ ಅದನ್ನು ತಪ್ಪಿಸಿಕೊಳ್ಳಲೆಂದೇ ಮಾರುತ್ತಿದ್ದಾರೆಯೇ ಎಂಬುದನ್ನು ತಿಳಿಯಬೇಕು. ನೀವು ನೋಡಿರುವ ಗಾಡಿಯ ಮಟ್ಟಿಗೆ ನಿರ್ಣಾಯಕ ಸಂಗತಿ ಇದೊಂದೇ. 1.4 ಲಕ್ಷದ ನಂತರ ಹೊರಗಿನ ಗ್ಯಾರೇಜಿಗೆ ಹೋಗಿದೆ ಎಂದು ಬರೆದಿದ್ದೀರಿ. ಹೊರಗಿನ ಗ್ಯಾರೇಜು ಎಂಬುದು ತಪ್ಪಲ್ಲ, ಒಳ್ಳೆಯ ಮೆಕ್ಯಾನಿಕ್ ಆದರೆ ಕಂಪನಿಗಿಂತ ಹೆಚ್ಚು ಶ್ರದ್ಧೆಯಿಂದ ಮಾಡಿರುತ್ತಾನೆ. ಆದರೆ ಆ 72,000 ಕಿಲೋಮೀಟರುಗಳ ಬಿಲ್ಲುಗಳು, ಕಡೇಪಕ್ಷ ಆ ಮೆಕ್ಯಾನಿಕ್‌ನ ಬಾಯಿಮಾತಿನ ವಿವರ, ನಿಮಗೆ ಸಿಗಬೇಕು.

ಮೊದಲು ಕೇಳಬೇಕಾದದ್ದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳು ಪಿಸ್ಟನ್ನಿನ ಓಟಕ್ಕೆ ಹೊಂದಿಕೊಂಡು ತೆರೆದು ಮುಚ್ಚುವಂತೆ ಮಾಡುವ ಪಟ್ಟಿ. ಈ ಎಂಜಿನ್‌ಗೆ ಚೈನ್ ಇಲ್ಲ, ರಬ್ಬರಿನ ಬೆಲ್ಟ್ ಇದೆ, ಮತ್ತು ಅದು ಹರಿಯುವ ಮುನ್ನ ಸದ್ದು ಮಾಡಿ ಎಚ್ಚರಿಸಬೇಕೆಂದೇನೂ ಇಲ್ಲ. ಓಡುತ್ತಿರುವಾಗ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಹೆಡ್ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. 2,12,000 ಓಡಿದ ಗಾಡಿಯಲ್ಲಿ ಇದು ಒಮ್ಮೆಯಾದರೂ ಬದಲಾಗಿರಲೇಬೇಕು. ಬದಲಾಗಿದೆ ಎನ್ನಲು ಬಿಲ್ಲು ಇಲ್ಲವಾದರೆ ಬದಲಾಗಿಲ್ಲ ಎಂದೇ ಹಿಡಿದು, ಬೆಲ್ಟ್, ಟೆನ್ಷನರ್, ಅದೇ ಹೊತ್ತಿಗೆ ವಾಟರ್ ಪಂಪ್, ಇಷ್ಟರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎರಡನೆಯದು ಇಂಜೆಕ್ಟರ್, ಅಂದರೆ ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ಭಾಗ. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಇಂಧನ ಹಂಚುವ ಇಂಥ ಕಾಮನ್ ರೈಲ್ ಡೀಸೆಲ್‌ನಲ್ಲಿ ಪಂಪು ಇಂಧನವನ್ನು ಸಾವಿರ ಬಾರ್ ದಾಟಿದ ಒತ್ತಡಕ್ಕೇರಿಸಿ ಇಂಜೆಕ್ಟರ್‌ಗೆ ಕೊಡುತ್ತದೆ. ಪಂಪು ಮತ್ತು ಇಂಜೆಕ್ಟರ್‌ನ ಒಳಭಾಗಗಳಿಗೆ ಜಾರುಗುಣ ಕೊಡುವುದು ಆ ಡೀಸೆಲ್ಲೇ ಹೊರತು ಬೇರೆ ಎಣ್ಣೆಯಲ್ಲ. ನೀರು ಸೇರಿದ ಇಲ್ಲವೇ ಸೀಮೆಎಣ್ಣೆ ಬೆರೆತ ಡೀಸೆಲ್ ಹಾಕಿಸಿದ, ಡೀಸೆಲ್ ಫಿಲ್ಟರ್ ಬದಲಾಯಿಸದೆ ತಳ್ಳಿದ ಗಾಡಿಯಲ್ಲಿ ಇವು ಗೀಚಿ ಹಾಳಾಗುವುದು ಆ ಕಾರಣದಿಂದ. ಇನ್ನೋವಾದ ಎಂಜಿನ್‌ಗೆ ಇದರ ಜೊತೆ ಇನ್ನೊಂದು ಕಾಯಿಲೆ ಇದೆ. ಇಂಜೆಕ್ಟರ್ ಕೂರುವ ತಳದಲ್ಲಿ ತೆಳುವಾದ ಸೀಲ್ ವಾಷರ್ ಇರುತ್ತದೆ. ಅದು ಬಿಟ್ಟುಕೊಂಡರೆ ಉರಿದ ಅನಿಲವು ಒಳಗೇ ನುಸುಳಿ ಎಂಜಿನ್ ಆಯಿಲ್‌ನಲ್ಲಿ ಮಸಿ ಕಟ್ಟಿಸುತ್ತದೆ. ಆ ಮಸಿ ಡಾಂಬರಿನಂತೆ ಗಟ್ಟಿಯಾಗಿ ಕೆಳಗೆ ಆಯಿಲ್ ತುಂಬಿರುವ ಚೇಂಬರಿನಲ್ಲಿರುವ ಆಯಿಲ್ ಸ್ಟ್ರೇನರ್‌ನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಆಗ ಆಯಿಲ್ ತುಂಬಿದ್ದರೂ ಮೇಲಕ್ಕೆ ಏರುವುದಿಲ್ಲ, ಬೇರಿಂಗು ಹಿಡಿದು ಗಟ್ಟಿಮುಟ್ಟಾದ ಎಂಜಿನ್ ಒಂದೇ ದಿನದಲ್ಲಿ ಮುಗಿಯುತ್ತದೆ. ಅಪ್ಪನವರ ಅನುಮಾನ ನಿಜವಾಗುವ ದಾರಿ ಇದು. ಆದ್ದರಿಂದ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಡೀಸೆಲ್ ಎಂಜಿನ್‌ನ ಆಯಿಲ್ ಕಪ್ಪಗಿರುವುದು ಸಹಜ. ಗೋಡೆಗೆ ಹರಳುಹರಳಾಗಿ ಅಂಟಿದ ಕರಿ ಪೊರೆ ಕಂಡರೆ ಅದು ಸಹಜವಲ್ಲ. ಸೀಲ್ ಬದಲಾಗಿರುವ ದಾಖಲೆ ಇದ್ದರೆ ಆ ಗಾಡಿಗೆ ನನ್ನ ಲೆಕ್ಕದಲ್ಲಿ ಬೆಲೆ ಹೆಚ್ಚು, ಏಕೆಂದರೆ ಅದನ್ನು ನೋಡಿಕೊಂಡವರಿಗೆ ವಿಷಯ ಗೊತ್ತಿತ್ತು ಎಂದರ್ಥ.

ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ, ಕ್ಲಚ್, ಸಸ್ಪೆನ್ಷನ್‌ಗಳ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. ಅವು ಕೆಡುವ ಮುನ್ನ ಸೂಚನೆ ಕೊಡುತ್ತವೆ, ಮತ್ತು ಬಿಡಿಭಾಗಗಳು ಹೇರಳವಾಗಿ ಸಿಗುತ್ತವೆ. ಗಾಡಿ ತಯಾರಾಗಿದ್ದು ನಮ್ಮ ಬಿಡದಿಯಲ್ಲೇ. 2016ರಲ್ಲಿ ಹೊಸ ಇನ್ನೋವಾ ಕ್ರಿಸ್ಟಾ ಬಂದು ಈ ಮಾದರಿ ನಿಂತಿದ್ದರೂ ರಸ್ತೆಯ ಮೇಲೆ ಇವು ಇನ್ನೂ ಎಷ್ಟಿವೆ ಎಂದರೆ ತಾಲ್ಲೂಕು ಕೇಂದ್ರಗಳ ಮೆಕ್ಯಾನಿಕ್‌ಗಳಿಗೂ ಇದರ ಕೆಲಸ ಅಂಗೈಯಲ್ಲಿದೆ.

ಈಗ ದೆಹಲಿಯ ಗಾಡಿಗೆ ಬರೋಣ. ಮೇಲೆ ಹೇಳಿದ ಆದೇಶವೇ ಅದು ಬೆಂಗಳೂರಿಗೆ ಬಂದಿರುವುದಕ್ಕೂ ಅಗ್ಗವಾಗಿರುವುದಕ್ಕೂ ಕಾರಣ. 2014ರ ಡೀಸೆಲ್ ಗಾಡಿಗೆ 2024ರಲ್ಲಿ ಹತ್ತು ವರ್ಷ ತುಂಬಿತು, ಅಲ್ಲಿ ಅದಕ್ಕೆ ಬೆಲೆ ಇಳಿಯಿತು, ವ್ಯಾಪಾರಿಗಳು ಕೊಂಡು ದಕ್ಷಿಣಕ್ಕೆ ತಂದರು. ಇದರಲ್ಲಿ ಮೋಸವೇನೂ ಇಲ್ಲ, ಕೆಲವು ಗಾಡಿಗಳು ನಿಜಕ್ಕೂ ಚೆನ್ನಾಗಿರುತ್ತವೆ. ನನಗೆ ತೊಡಕಾಗಿ ಕಾಣುವುದು 96,000 ಎಂಬ ಅಂಕಿ. ಹನ್ನೊಂದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂಬತ್ತು ಸಾವಿರವೂ ಆಗುವುದಿಲ್ಲ, ದಿನಕ್ಕೆ 24 ಕಿಲೋಮೀಟರ್. ಅಷ್ಟು ಕಡಿಮೆ ಓಡಿಸುವ ಮನೆಯೂ ಇರಬಹುದು. ಆದರೆ ದೊಡ್ಡ ಡೀಸೆಲ್ ಗಾಡಿಯನ್ನು ಜನ ಕೊಳ್ಳುವುದು ಸಾಮಾನ್ಯವಾಗಿ ಹೆಚ್ಚು ಓಡಿಸಲೆಂದೇ. ಹಾಗಾಗಿ ಈ ಅಂಕಿಯನ್ನು ನಂಬಲು ಪುರಾವೆ ಬೇಕು, ಮತ್ತು ಅದನ್ನು ಒದಗಿಸುವ ಹೊಣೆ ಮಾರುವವರದು. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಇಂದು ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ಲಿನ ಕೆಲಸ. ಡಿಜಿಟಲ್ ಮೀಟರನ್ನು ತಿದ್ದಲಾಗದು ಎಂಬುದು ಬರಿಯ ನಂಬಿಕೆ. ಕೊಬ್ಬರಿ ಚೀಲದ ಮೇಲಿನ ಸಾಲನ್ನಷ್ಟೇ ನೋಡಿ ರೇಟು ಕಟ್ಟದ ನೀವು ಗಾಡಿಗೂ ಹಾಗೆಯೇ ತಳದವರೆಗೆ ಕೈಹಾಕಿ ನೋಡಬೇಕು.

ಹೇಗೆ ನೋಡುವುದೆಂದರೆ, ಮೊದಲು ಡೀಲರಿಗೆ ಹೇಳಿ ಆ ಗಾಡಿಯ ಕಂಪನಿ ಸರ್ವಿಸ್ ಇತಿಹಾಸವನ್ನು ತರಿಸಿ. ದೇಶದ ಯಾವ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿದ್ದರೂ ಪ್ರತಿ ಭೇಟಿಯ ದಿನಾಂಕ, ಕಿಲೋಮೀಟರ್ ದಾಖಲಾಗಿರುತ್ತದೆ. 2018ರಲ್ಲೇ 1.3 ಲಕ್ಷ ಎಂದು ಬರೆಸಿಕೊಂಡ ಗಾಡಿ ಇವತ್ತು 96,000 ತೋರಿಸುವಂತಿಲ್ಲ. ಅದು ಸಿಗದಿದ್ದರೆ ಗಾಡಿಯನ್ನೇ ಓದಬೇಕು. ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗ್‌ನ ಎಡಬಲದ ಹೊಳಪು, ಗೇರ್ ಗುಬ್ಬಿಯ ಮೇಲಿನ ಅಂಕಿ ಅಳಿಸಿರುವುದು, ಚಾಲಕ ಇಳಿಯುವ ಕಡೆ ಸೀಟಿನ ಅಂಚು ಕುಗ್ಗಿರುವುದು, ಇವೆಲ್ಲ ಸುಳ್ಳು ಹೇಳುವುದಿಲ್ಲ. ಸೀಟ್ ಕವರ್, ಸ್ಟೀರಿಂಗ್ ಕವರ್, ಪೆಡಲ್ ರಬ್ಬರು ಮೂರೂ ಹೊಸದಾಗಿದ್ದರೆ ಅದನ್ನು ಶೃಂಗಾರವೆಂದು ಸಂತೋಷಪಡಬೇಡಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 96,000ಕ್ಕೆ ಸಾಮಾನ್ಯವಾಗಿ ಗಾಡಿಗೆ ಎರಡನೆಯ ಇಲ್ಲವೇ ಮೂರನೆಯ ಜೊತೆ ಟೈರ್ ಇರಬೇಕು, ಆ ಲೆಕ್ಕ ದಿನಾಂಕಕ್ಕೆ ಹೊಂದುತ್ತದೆಯೇ ನೋಡಿ.

ದೆಹಲಿ ಗಾಡಿಯ ಎರಡನೆಯ ತೊಡಕು ಕಾಗದದ್ದು. ಅದು ಇಲ್ಲಿ ಕೆಎ ನಂಬರ್ ಪಡೆಯಬೇಕಾದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಸಾಲ ಇದ್ದರೆ ಅದು ತೀರಿರಬೇಕು, ಮತ್ತು ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಹೊಸ ಗಾಡಿಗೆ ಆ ತೆರಿಗೆಯು ಬೆಲೆಗೆ ತಕ್ಕಂತೆ ಶೇಕಡಾ 13ರಿಂದ 18ರವರೆಗೆ ಇದೆ, ಹಳೆಯದಕ್ಕೆ ವಯಸ್ಸು ನೋಡಿ ಕಡಿತವಿದೆ. ಕಡಿತವಾದ ಮೇಲೂ ಅದು ಸಣ್ಣ ಮೊತ್ತವಲ್ಲ. ಮಾಡಿಸಿಕೊಡುತ್ತೇವೆ ಎಂಬ ಮಾತಿನಲ್ಲಿ ಆ ತೆರಿಗೆ ಸೇರಿದೆಯೇ ಇಲ್ಲವೇ ಎಂಬುದು ಸ್ಪಷ್ಟವಿಲ್ಲದಿದ್ದರೆ 6.10 ಲಕ್ಷ ಎಂಬುದು ಬೆಲೆಯೇ ಅಲ್ಲ. ಹತ್ತು ವರ್ಷ ತುಂಬಿದ ಗಾಡಿಗಳಿಗೆ ಎನ್‌ಒಸಿ ಕೊಡುವ ನಿಯಮಗಳು ಅಲ್ಲಿ ಆಗಾಗ ಬದಲಾಗಿರುವುದರಿಂದ, ಎನ್‌ಒಸಿ ಈಗಾಗಲೇ ಕೈಯಲ್ಲಿದೆಯೇ ಎಂದು ಕೇಳಿ. ತರಿಸುತ್ತೇವೆ ಎಂದರೆ ಅಲ್ಲಿಗೇ ಬಿಡಿ. ಕೆಎ ನಂಬರ್ ಆಗಿ, ಆರ್‌ಸಿ ಕೈಗೆ ಬಂದು, ಸರ್ವಿಸ್ ಇತಿಹಾಸವೂ ಸರಿಹೊಂದಿದರೆ ಮಾತ್ರ ಅದನ್ನು ಮತ್ತೆ ಪರಿಗಣಿಸಬಹುದು.

ತಿಪಟೂರಿನ ಗಾಡಿಯನ್ನು ನೋಡಲು ಬೆಳಗಿನ ಹೊತ್ತೇ ಹೋಗಿ, ಮತ್ತು ನೀವು ಬರುವ ಮುನ್ನ ಸ್ಟಾರ್ಟ್ ಮಾಡಬಾರದೆಂದು ಹಿಂದಿನ ದಿನವೇ ಹೇಳಿಡಿ. ಹೋದೊಡನೆ ಬಾನೆಟ್ ತೆಗೆಸಿ ಎಂಜಿನ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಮಾತು ತಪ್ಪಿದ್ದಾರೆ, ಇನ್ನೊಂದು ದಿನ ಬನ್ನಿ. ಬಿಸಿ ಎಂಜಿನ್ ಎಲ್ಲ ಕಾಯಿಲೆಯನ್ನೂ ಮುಚ್ಚಿಡುತ್ತದೆ. ತಣ್ಣಗಿದ್ದರೆ ಕೀ ತಿರುಗಿಸಿ, ಮೀಟರಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ಕಾದು ಸ್ಟಾರ್ಟ್ ಮಾಡಿಸಿ. ಒಂದೆರಡು ಸೆಕೆಂಡಿನಲ್ಲಿ ಹಿಡಿದು ಸಮನಾಗಿ ನಿಲ್ಲಬೇಕು. ತುಂಬ ಹೊತ್ತು ತಿರುಗಿ ಹಿಡಿದರೆ, ಹಿಡಿದ ಮೇಲೆ ಅದುರಿದರೆ, ಇಂಜೆಕ್ಟರ್ ಅಥವಾ ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಶಾಖ ಕೊಡುವ ಗ್ಲೋ ಪ್ಲಗ್ ಕಡೆ ಅನುಮಾನ. ಯಾರನ್ನಾದರೂ ಸೈಲೆನ್ಸರಿನ ಹಿಂದೆ ನಿಲ್ಲಿಸಿ. ಆಕ್ಸಿಲರೇಟರ್ ಒತ್ತಿದಾಗ ಕ್ಷಣಮಾತ್ರ ಕಪ್ಪು ಹೊಗೆ ಬಂದರೆ ಈ ಕಾಲದ ಗಾಡಿಗೆ ಕ್ಷಮಿಸಬಹುದು, ಬಿಡದೆ ಬಂದರೆ ಗಾಳಿ ಸಾಲದೆ ಇಂಧನ ಹೆಚ್ಚಾಗುತ್ತಿದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ ಅಥವಾ ಡೀಸೆಲ್ ಅರೆಬರೆ ಉರಿಯುತ್ತಿದೆ.

ಅನಂತರ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳವನ್ನು ಬಿಚ್ಚಿ ಹಾಗೆಯೇ ಸಡಿಲವಾಗಿ ಇಟ್ಟುಬಿಡಿ. ಸ್ವಲ್ಪ ನಡುಗಿದರೆ ತೊಂದರೆಯಿಲ್ಲ. ಕುಣಿದು ಹಾರಿದರೆ, ಹೊಗೆ ಕುಪ್ಪಳಿಸಿದರೆ, ಪಿಸ್ಟನ್ ರಿಂಗ್ ಸವೆದಿವೆ ಇಲ್ಲವೇ ಮೇಲೆ ಹೇಳಿದ ಸೀಲ್ ಬಿಟ್ಟಿದೆ. ಇದಕ್ಕಿಂತ ನಿಖರವಾದ ಪರೀಕ್ಷೆ ಇಂಜೆಕ್ಟರ್‌ನ ರಿಟರ್ನ್ ಅಳೆಯುವುದು: ನಾಲ್ಕೂ ಇಂಜೆಕ್ಟರ್‌ಗಳಿಂದ ವಾಪಸು ಹರಿಯುವ ಡೀಸೆಲನ್ನು ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಕೆಲವು ನಿಮಿಷ ಎಂಜಿನ್ ಓಡಿಸುತ್ತಾರೆ. ಮೂರು ಬಾಟಲಿ ಒಂದೇ ಮಟ್ಟದಲ್ಲಿದ್ದು ನಾಲ್ಕನೆಯದು ದುಪ್ಪಟ್ಟು ತುಂಬಿದ್ದರೆ ಆ ಇಂಜೆಕ್ಟರ್ ಮುಗಿದಿದೆ. ಈ ಎಂಜಿನ್‌ನಲ್ಲಿ ಆ ಕೊಳವೆಗಳನ್ನು ಬಿಚ್ಚುವುದು ಸ್ವಲ್ಪ ಕೈಕೆಲಸ ಬೇಡುವುದರಿಂದ ಡೀಸೆಲ್ ಪಂಪ್ ಕೆಲಸ ಮಾಡುವವರಲ್ಲೇ ಮಾಡಿಸಿ. ಸ್ಕ್ಯಾನರ್ ಹಾಕಿದರೂ ಪ್ರತಿ ಇಂಜೆಕ್ಟರ್‌ಗೆ ಕಂಪ್ಯೂಟರ್ ಎಷ್ಟು ತಿದ್ದುಪಡಿ ಕೊಡುತ್ತಿದೆ ಎಂಬುದು ತಿಳಿಯುತ್ತದೆ. ಹಿಂದಿನ ರಾತ್ರಿ ಎರರ್ ಕೋಡ್‌ಗಳನ್ನು ಅಳಿಸಿಟ್ಟಿರುವ ಸಾಧ್ಯತೆ ಇರುವುದರಿಂದ, ಅರ್ಧ ಗಂಟೆ ಓಡಿಸಿ ಬಂದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.

ಆ ಅರ್ಧ ಗಂಟೆಯನ್ನು ಹೆದ್ದಾರಿಯಲ್ಲಿ ಕಳೆಯಿರಿ. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡು ಸಾವಿರ ಸುತ್ತಿನ ಆಚೀಚೆ ಹಿಂದಿನಿಂದ ತಳ್ಳಿದಂತೆ ಎಳೆತ ಬರಬೇಕು, ಬರದಿದ್ದರೆ ಅಥವಾ ಸೈರನ್ನಿನಂಥ ಸದ್ದು ಬಂದರೆ ಟರ್ಬೊ ನೋಡಿಸಿ. ಎಸಿ ಹಾಕಿಕೊಂಡೇ ಓಡಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ವಾಪಸು ಬಂದು ಗಾಡಿಯನ್ನು ರ‍್ಯಾಂಪ್ ಮೇಲೆ ಏರಿಸಿ. ಇನ್ನೋವಾ ಲಾರಿಯಂತೆ ಚಾಸಿ ಮೇಲೆ ಕಟ್ಟಿದ ಗಾಡಿ. ಬಂಪರು, ಬಾಗಿಲು ಬದಲಾಗಿರುವುದು ದೊಡ್ಡ ವಿಷಯವಲ್ಲ, ಚಾಸಿಯ ಉದ್ದಕ್ಕೂ ವೆಲ್ಡಿಂಗ್ ಗುರುತು, ಬಾಗು, ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ.

ಇನ್ನು ಹಣದ ಲೆಕ್ಕ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದು ಹಿಡಿಯೋಣ, ನಿಮ್ಮ ಓಡಾಟ ವರ್ಷಕ್ಕೆ 15,000 ಕಿಲೋಮೀಟರ್. ಈ ವಯಸ್ಸಿನ ಇನ್ನೋವಾ ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ಸಮಾಧಾನಪಡಬೇಕು, ಆಗ ವರ್ಷದ ಡೀಸೆಲ್ ಖರ್ಚು ಸುಮಾರು 1,14,000 ರೂಪಾಯಿ. ಇದೇ ದೂರವನ್ನು ಲೀಟರಿಗೆ 15 ಕೊಡುವ ಮಾರುತಿಯ ಪೆಟ್ರೋಲ್ ಎರ್ಟಿಗಾದಲ್ಲಿ ಓಡಿದರೆ 1,03,000. ಅಂದರೆ ನೀವು ಉಳಿತಾಯಕ್ಕೆಂದು ಕೊಳ್ಳುತ್ತಿರುವ ಡೀಸೆಲ್ ಗಾಡಿಯು ಪೆಟ್ರೋಲ್ ಗಾಡಿಗಿಂತ ಹೆಚ್ಚು ಕುಡಿಯುತ್ತದೆ. ನಿಜವಾದ ಉಳಿತಾಯ ಇರುವುದು ಹಳೆಯ ಎರ್ಟಿಗಾ ಡೀಸೆಲ್‌ನಲ್ಲಿ. 1.3 ಲೀಟರಿನ ಆ ಎಂಜಿನ್ ಹೆದ್ದಾರಿಯಲ್ಲಿ 19ರ ಹತ್ತಿರ ಕೊಡುತ್ತದೆ, ವರ್ಷದ ಖರ್ಚು 72,000ಕ್ಕೆ ಇಳಿಯುತ್ತದೆ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದ್ದರೂ ಅದೇ ಎಂಜಿನ್ ಸ್ವಿಫ್ಟ್, ಡಿಜೈರ್‌ಗಳಲ್ಲೂ, ಬೇರೆ ಹೆಸರಿನಲ್ಲಿ ಟಾಟಾ ಗಾಡಿಗಳಲ್ಲೂ ಇದ್ದುದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಅದರಲ್ಲಿ ಬೆಲ್ಟ್ ಬದಲು ಚೈನ್ ಇದೆ, ಆದರೆ ಆಯಿಲ್ ಬದಲಾಯಿಸದ ಗಾಡಿಯಲ್ಲಿ ಆ ಚೈನೂ ಸಡಿಲವಾಗಿ ತೊಂದರೆ ಕೊಡುತ್ತದೆ.

ಹಾಗಾದರೆ ಇನ್ನೋವಾಗೆ ಹೆಚ್ಚು ಹಣ ಏಕೆ ಕೊಡುತ್ತಾರೆಂದರೆ ಅದರ ಜಾಗಕ್ಕೆ, ಕೂರುವ ಸುಖಕ್ಕೆ, ಕೆಟ್ಟ ರಸ್ತೆಯನ್ನು ತಡೆದುಕೊಳ್ಳುವ ಚಾಸಿಗೆ, ಮಾರಿದಾಗ ಬರುವ ಬೆಲೆಗೆ. ನಿಮ್ಮ ಅಪ್ಪ, ಅಮ್ಮ ಮಂಡಿನೋವಿನವರಾಗಿದ್ದರೆ, ಆರು ಜನ ಲಗೇಜ್ ಸಮೇತ ಧರ್ಮಸ್ಥಳಕ್ಕೋ ಮಂತ್ರಾಲಯಕ್ಕೋ ಹೋಗುವುದು ಆಗಾಗ ಇದ್ದರೆ, ಆ ಕಾರಣಗಳಿಗಾಗಿ ಕೊಳ್ಳಿ. ಬಹುಪಾಲು ನೀವೊಬ್ಬರೇ ತುಮಕೂರಿಗೆ ಹೋಗಿಬರುವುದಾದರೆ ಅಷ್ಟು ದೊಡ್ಡ ಗಾಡಿಯನ್ನು ಎಳೆದುಕೊಂಡು ಓಡಾಡುವುದರಲ್ಲಿ ಅರ್ಥವಿಲ್ಲ, ಎರ್ಟಿಗಾ ಡೀಸೆಲ್ ಹುಡುಕಿ. ಅದರ ಮೂರನೆಯ ಸಾಲು ದೊಡ್ಡವರಿಗೆ ಇಕ್ಕಟ್ಟು, ಮಕ್ಕಳಿಗೆ ಸಾಕು. ಮುಂದೆ ಓಡಾಟ ಕಡಿಮೆಯಾಗಿ ವರ್ಷಕ್ಕೆ ಆರೇಳು ಸಾವಿರಕ್ಕೆ ಇಳಿಯುವ ಸಂಭವವಿದ್ದರೆ ಪೆಟ್ರೋಲೇ ಸಾಕು, ಏಕೆಂದರೆ ಒಂದು ಇಂಜೆಕ್ಟರ್ ಕೆಟ್ಟರೂ ಅಷ್ಟು ದೂರದ ಉಳಿತಾಯವೆಲ್ಲ ಅದಕ್ಕೇ ಹೋಗುತ್ತದೆ. 2020ರ ನಂತರದ ಬಿಎಸ್-6 (ಹೊಸ ಹೊಗೆ ಮಿತಿಯ) ಡೀಸೆಲ್‌ಗಳನ್ನು ನೀವು ಕೇಳಿಲ್ಲವಾದ್ದರಿಂದ ವಿಸ್ತರಿಸುವುದಿಲ್ಲ. ಮಸಿ ಹಿಡಿಯುವ ಫಿಲ್ಟರ್ ಇರುವ ಆ ಗಾಡಿಗಳು ಊರೊಳಗಿನ ಚಿಕ್ಕ ಚಿಕ್ಕ ಓಡಾಟಕ್ಕೆ ಹೇಳಿಮಾಡಿಸಿದ್ದಲ್ಲ ಎಂಬುದಷ್ಟು ಗೊತ್ತಿರಲಿ.

ಇನ್ನೋವಾನೇ ಬೇಕೆಂದಾದರೆ ಬೆಲೆಯನ್ನು ಹೀಗೆ ಕಟ್ಟಿ. ಕೊಂಡ ಮೊದಲ ವರ್ಷದಲ್ಲಿ ಈ ದೂರದ ಗಾಡಿಗೆ ಒಂದರಿಂದ ಒಂದೂವರೆ ಲಕ್ಷ ಖರ್ಚು ಬರಬಹುದೆಂದು ಮನಸ್ಸಿನಲ್ಲಿಟ್ಟು ಆ ಹಣವನ್ನು ಬೇರೆ ಇರಿಸಿಕೊಳ್ಳಿ. ಅದು ಇಲ್ಲದೆ ಕೈಯಲ್ಲಿರುವುದನ್ನೆಲ್ಲ ಬೆಲೆಗೆ ಸುರಿಯುವವರು ಇಂಥ ಗಾಡಿ ಕೊಳ್ಳಬಾರದು. ಬೆಲ್ಟ್, ಇಂಜೆಕ್ಟರ್ ಸೀಲ್, ಕ್ಲಚ್, ಟೈರ್, ಬ್ಯಾಟರಿ ಇವುಗಳಲ್ಲಿ ಬಿಲ್ಲು ಇರುವುದನ್ನು ಬಿಟ್ಟು ಉಳಿದದ್ದಕ್ಕೆ ನಿಮ್ಮ ಮೆಕ್ಯಾನಿಕ್‌ನಿಂದ ಅಂದಾಜು ಬರೆಸಿ, ಆ ಚೀಟಿಯನ್ನು ಮುಂದಿಟ್ಟು ಮಾತಾಡಿ. ಎಲ್ಲಕ್ಕೂ ಬಿಲ್ಲು ತೋರಿಸಿದರೆ ಹೆಚ್ಚು ಜಗ್ಗಾಡಬೇಡಿ, ಅಂಥ ಗಾಡಿ ಎರಡು ದಿನ ನಿಲ್ಲುವುದಿಲ್ಲ. ಯಾವುದಕ್ಕೂ ಇಲ್ಲದಿದ್ದರೆ ಒಂದು ಲಕ್ಷ ಕಡಿಮೆಗೆ ಕೇಳುವುದು ಅನ್ಯಾಯವಲ್ಲ. ರಿಂಗ್ ಸವೆದಿದ್ದರೆ, ಆಯಿಲ್‌ನಲ್ಲಿ ಮಸಿ ಹರಳಿದ್ದರೆ, ಚಾಸಿಗೆ ಪೆಟ್ಟಾಗಿದ್ದರೆ ಯಾವ ಬೆಲೆಗೂ ಬೇಡ. ಮಾರುವವರು ಮೆಕ್ಯಾನಿಕ್‌ಗೆ ತೋರಿಸಲು ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಕಾಗದಗಳಲ್ಲಿ ಮೊದಲು ನೋಡಬೇಕಾದದ್ದು ಆ ಗಾಡಿ ಹಿಂದೆ ಯೆಲ್ಲೊ ಬೋರ್ಡ್ ಆಗಿತ್ತೇ ಎಂಬುದನ್ನು. ಟ್ಯಾಕ್ಸಿಯಾಗಿದ್ದ ಇನ್ನೋವಾಗಳನ್ನು ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ ವೈಟ್ ಬೋರ್ಡ್ ಮಾಡಿಸಿರುವುದು ಉಂಟು. ಅದು ಕಾನೂನುಬದ್ಧವೇ ಆದರೂ ಬೆಲೆ ಬೇರೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್ ಅವಧಿ, ಸಾಲದ ನಮೂದು ನೋಡಿ, ಬಾಕಿ ಇರುವ ಟ್ರಾಫಿಕ್ ದಂಡವನ್ನು ಮಾರುವವರಿಂದಲೇ ಕಟ್ಟಿಸಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಆರ್‌ಸಿ ನಿಮ್ಮ ಹೆಸರಿಗೆ ಆಗುವುದನ್ನು ತಡಮಾಡಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್, ಅಪಘಾತದ ಪರಿಹಾರದ ಮಟ್ಟಿಗೆ ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಹೇಳಿರುವುದರಿಂದ ಮಾರುವವರಿಗೂ ಇದರ ಅವಸರ ಇರಬೇಕು. ಇನ್ಶೂರೆನ್ಸ್ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಅದಾಗದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಯ ಕ್ಲೇಮ್ ನಿಲ್ಲುತ್ತದೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣವನ್ನು ನೀವು ತುಂಬಬೇಕಾಗುತ್ತದೆ. ಗಾಡಿ ಪಡೆಯುವ ದಿನ, ದಿನಾಂಕದ ಜೊತೆ ಗಂಟೆಯನ್ನೂ ಮೀಟರಿನ ಅಂಕಿಯನ್ನೂ ಬರೆದ ಡೆಲಿವರಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.